ದೇವರಿಗೆಷ್ಟು ಪಾಯಿಂಟು?

ನಮ್ಮ ಪೈಕಿ ಹುಡುಗನೊಬ್ಬ ಬೆಂಗಳೂರಿನಲ್ಲಿ ದೇವರುಗಳನ್ನು ತಯಾರಿಸುತ್ತಾನೆ. ಮಣ್ಣಿನಲ್ಲಲ್ಲ, ಲ್ಯಾಪ್‌ಟಾಪಿನಲ್ಲಿ. ನಾಲ್ಕು ಮಂದಿ ಮೇಜಿನ ಸುತ್ತ ಕೂತು, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಒಬ್ಬ ಪೂಜಾರಿಯಾಗಿ ದಾಳ ಉರುಳಿಸುವ ಆಟವಂತೆ. ಪೂಜಾರಿ ಇದ್ದಮೇಲೆ ದೇವರೂ ಬೇಕಲ್ಲ! ‘ಕಾಕಾ, ಸಿಡಿಲಿಗೊಬ್ಬ, ಸಾವಿಗೊಬ್ಬ, ಯುದ್ಧಕ್ಕೊಬ್ಬನ್ನ ಮಾಡೇನಿ. ಯಾಕೋ ಜೀವಾನ ಇಲ್ಲ’ ಅಂದ.

ಮಂತ್ರಿಮಂಡಳದ ಖಾತೆ ಹಂಚಿದ ಹಾಗೆ ಹಂಚಿದರೆ ಜೀವ ಎಲ್ಲಿಂದ ಬರಬೇಕು? ಅವನ ಗುರುಗಳೂ ಇದನ್ನೇ ಮಾಡಿದವರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಆ ಆಟದ 1980ರ ದೇವರ ಪುಸ್ತಕದಲ್ಲಿ ಗ್ರೀಕರ ಜ್ಯೂಸ್‌ಗೆ ಪ್ರಾಣ 400 ಪಾಯಿಂಟು. ನಮ್ಮ ಇಂದ್ರ, ಅಗ್ನಿ, ವರುಣರೂ ಇಂಥ ಅಂಕಿ ಹೊತ್ತು ಅಲ್ಲಿ ನಿಂತಿದ್ದಾರೆ. ದೇವರನ್ನು ಹೊಡೆದು ಕೆಡವುವುದಕ್ಕೂ ಲೆಕ್ಕ ತಯಾರು!

‘ತಮ್ಮಾ, ನಿನ್ನ ಸಿಡಿಲಪ್ಪ ಏನು ಉಣ್ಣತಾನ? ಅವನ ಬೀಗರು ಯಾರು? ಅವನ್ನ ಬುಟ್ಟ್ಯಾಗ ಇಟ್ಟು ಹೊರೂ ಹಕ್ಕು ಯಾವ ಮನಿತನದ್ದು?’ ಎಂದೆ. ಹುಡುಗ ಕಣ್ಣು ಕಣ್ಣು ಬಿಟ್ಟ. ಅವನ ಪಟ್ಟಿಯಲ್ಲಿ ನೈವೇದ್ಯದ ಕಾಲಮ್ಮೇ ಇಲ್ಲ. ಇವನು ಹುಟ್ಟಿದ್ದು ಶಿರೋಳದಲ್ಲಿ, ತೋಂಟದಾರ್ಯ ಮಠದ ಜಾತ್ರೆಗೇ ರೊಟ್ಟಿ ಜಾತ್ರೆ ಅನ್ನುವ ಊರಿನಲ್ಲಿ! ಕರಿಂಡಿ ಹಚ್ಚಿ ತಿಂದ ಖಡಕ್ ರೊಟ್ಟಿಯೆಲ್ಲ ವ್ಯರ್ಥ.

ಪೂಜಾರಿ ಒಂದೇ ದೇವರನ್ನು ಆರಿಸಿಕೊಳ್ಳಬೇಕು ಎಂಬುದು ಅವನ ಆಟದ ಇನ್ನೊಂದು ನಿಯಮ. ನಮ್ಮ ಕಡೆ ಹಾಗೆ ಆರಿಸಿದವನು ವರ್ಷವಿಡೀ ಉಪವಾಸ ಬೀಳುತ್ತಾನೆ. ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮ, ಎಳ್ಳಮಾಸಿಗೆ ಹೊಲದ ಭೂಮ್ತಾಯಿ, ಮೊಹರಮ್ಮಿಗೆ ಅಲಾಯಿ ಕುಣಿತ, ನಡುವೆ ದ್ಯಾಮವ್ವ. ಯಾರನ್ನು ಬಿಡೋಣ?

ಜೋಕುಮಾರನನ್ನಂತೂ ಯಾವ ದಾಳವೂ ಹುಟ್ಟಿಸಲಾರದು. ಚೌತಿಗೆ ಬಂದ ಗಣಪ ಕಡುಬು ತಿಂದು ಹೋಗಿ, ಭೂಲೋಕದಲ್ಲಿ ಎಲ್ಲ ಬೇಷಿದೆ ಎಂದು ಶಿವನಿಗೆ ವರದಿ ಒಪ್ಪಿಸುತ್ತಾನೆ. ಅವನ ಬೆನ್ನಿಗೇ ಭಾದ್ರಪದದ ಅಷ್ಟಮಿಗೆ ಹುಟ್ಟುವ ಜೋಕಪ್ಪ, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು, ಬೇವಿನ ತಪ್ಪಲಿನ ಬುಟ್ಟಿಯಲ್ಲಿ ಹೆಂಗಸರ ತಲೆಮೇಲೆ ಓಣಿ ಓಣಿ ತಿರುಗುತ್ತಾನೆ. ಪುಂಡ, ಪೋಲಿ, ಹುಣ್ಣಿಮೆಗೆ ಹೆಣ. ಸತ್ತು ಶಿವನ ಬಳಿ ಹೋಗಿ, ಮಂದಿ ಮಳೆಯಿಲ್ಲದೆ ಸಾಯುತ್ತಿದ್ದಾರೆ ಎಂದು ನಿಜ ಹೇಳುವವನು ಇವನೇ. ಒಳ್ಳೆಯವನೋ ಕೆಟ್ಟವನೋ? ಹುಡುಗನ ಪಟ್ಟಿಯಲ್ಲಿ ಇದಕ್ಕೂ ಒಂದು ಗುರುತು ಹಾಕಲೇಬೇಕಂತೆ!

ಮೊನ್ನೆ ಫೋನು: ‘ಕಾಕಾ, ಜೋಕಪ್ಪಗ ಪಾಯಿಂಟ್ ಎಷ್ಟ ಇಡಲಿ?’

‘ಏಳು. ದಿನಕ್ಕೊಂದು ತಗೀತಾ ಹೋಗು. ಮುಂದಿನ ಭಾದ್ರಪದಕ್ಕ ಮತ್ತ ತುಂಬು.’

‘ಕೊಂದವರಿಗೆ ಏನ ಬಹುಮಾನ?’

‘ಮಳಿ. ಕೊಲ್ಲದವರಿಗೂ.’