ಪ್ಯಾನ್ ಇಂಡಿಯಾ ಚಿತ್ರಗಳಲ್ಲಿ ಸಂಧಿಕಾರ್ಯ: ಒಂದು ಶಾಸ್ತ್ರೀಯ ಜಿಜ್ಞಾಸೆ

ಪೀಠಿಕೆ

ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು ಭರತಮುನಿ ಹೇಳಿದ. ಪದಗಳಿಗೆ ಲೋಪ, ಆಗಮ, ಆದೇಶ ಎಂಬ ಮೂರನ್ನು ಕನ್ನಡ ವೈಯಾಕರಣರು ಹೇಳಿದರು. ಈ ಎರಡು ಪಂಥಗಳನ್ನು ಬೆಸೆಯುವ ಪುಣ್ಯಕಾರ್ಯ ಈಚಿನ ಸಿನಿಮಾಗಳಿಗೆ ಮೀಸಲಾಗಿತ್ತು. ಪ್ರಬಂಧಕಾರರು ಆಕರಗಳಲ್ಲಿ ಕೆಲವನ್ನು ಟಿಕೆಟ್ ಕೊಂಡು, ಉಳಿದವನ್ನು ಓಟಿಟಿಯಲ್ಲಿ, ಆದ್ಯಂತ ಎಚ್ಚರವಾಗಿದ್ದು ನೋಡಿದ್ದಾರೆ. ಎಚ್ಚರವಾಗಿದ್ದುದಕ್ಕೆ ಮಾತ್ರ ಸಾಕ್ಷಿಗಳಿಲ್ಲ, ಅಕ್ಕಪಕ್ಕದವರು ಮಲಗಿದ್ದರು.

೧. ಲೋಪಸಂಧಿ

ಸೂತ್ರ: ಭಾಗ ಎರಡು ಪರವಾದಾಗ ಭಾಗ ಒಂದರ ಕ್ಲೈಮ್ಯಾಕ್ಸ್ ಲೋಪವಾಗುವುದು.

ಭಾಷ್ಯ: 1996ರ ಸೇನಾಪತಿ 2024ರಲ್ಲಿ ‘ಇಂಡಿಯನ್ 2’ ಆಗಿ ಮರಳಿದ. ಸುಮಾರು ಮೂರು ಗಂಟೆ ಕೂರಿಸಿ, ಕೊನೆಗೆ ‘ಇಂಡಿಯನ್ 3’ರ ಟ್ರೇಲರ್ ತೋರಿಸಿ ಎಬ್ಬಿಸಿದ. ಊಟಕ್ಕೆಂದು ಕರೆದು ಮುಂದಿನ ಮದುವೆಯ ಲಗ್ನಪತ್ರಿಕೆ ಕೈಗಿಟ್ಟ ಹಾಗಾಯಿತು. ಅದೇ ವರ್ಷದ ‘ದೇವರ’ ಚಿತ್ರವೂ ಅಪ್ಪನನ್ನು ಮಗನೇ ಕೊಂದನೆಂದು ಹೇಳಿ, ಯಾಕೆಂಬುದನ್ನು ಮುಂದಿನ ಭಾಗಕ್ಕೆ ಕಾದಿಟ್ಟಿತು. ಈ ಪಂಥದ ಮೂಲಪುರುಷ 2015ರ ‘ಬಾಹುಬಲಿ’ಯ ಕಟ್ಟಪ್ಪ. ಅವನು ಯಾಕೆ ಇರಿದನೆಂದು ದೇಶ ಎರಡು ವರ್ಷ ತಲೆಕೆಡಿಸಿಕೊಂಡಿತು. ‘ದೇವರ’ದ ಮಗ ಯಾಕೆ ಇರಿದನೆಂದು ಪಾರ್ಕಿಂಗ್ ತನಕವೂ ಯಾರೂ ಚರ್ಚಿಸಲಿಲ್ಲ.

೨. ಆಗಮಸಂಧಿ

ಸೂತ್ರ: ಅರ್ಥ ಕೆಡುವಂತಿದ್ದಲ್ಲಿ ಅತಿಥಿ ನಟನು ಹೊಸದಾಗಿ ಬಂದು ಸೇರುವನು.

ಭಾಷ್ಯ: 2023ರ ‘ಕಬ್ಜ’ದಲ್ಲಿ ಉಪೇಂದ್ರರ ಕತೆ ಹೇಳಲು ಸುದೀಪ್ ಆಗಮವಾದರು. ಹೇಳಿದ್ದು ಮುಗಿಯಿತೇ ಎನ್ನುವಷ್ಟರಲ್ಲಿ ಶಿವರಾಜ್‌ಕುಮಾರ್ ಆಗಮವಾದರು; ಅವರ ಬೆನ್ನಿಗೇ ಭಾಗ ಎರಡರ ಘೋಷಣೆ. ಒಂದೇ ಸ್ಥಾನದಲ್ಲಿ ಆಗಮವೂ ಲೋಪವೂ ಕೂಡಿಬರುವ ಅಪೂರ್ವ ಪ್ರಯೋಗವಿದು. 2022ರ ‘ಲೈಗರ್’ನಲ್ಲಿ ಜಗತ್ತಿನ ಹೆವಿವೇಟ್ ಪಟ್ಟ ಗೆದ್ದ ಮೈಕ್ ಟೈಸನ್ ಅವರೇ ಆಗಮವಾದರೂ ಮಲಗಿದ್ದ ಚಿತ್ರಕಥೆ ಮೇಲೇಳಲಿಲ್ಲ. ವೈಯಾಕರಣರು ಒಪ್ಪುವ ಆಗಮಗಳು ಯ, ವ ಎರಡೇ. ‘ಕಲ್ಕಿ 2898 ಎಡಿ’ಯಲ್ಲಿ ನಿರ್ದೇಶಕರಾದ ರಾಜಮೌಳಿ, ರಾಮ್‌ಗೋಪಾಲ್ ವರ್ಮಾ ಕೂಡ ಬಂದುಹೋಗುವುದರಿಂದ ವರ್ಣಮಾಲೆಯನ್ನೇ ಹಿಗ್ಗಿಸಬೇಕಾದೀತು.

೩. ಆದೇಶಸಂಧಿ

ಸೂತ್ರ: ಕ, ತ, ಪಗಳ ಸ್ಥಾನದಲ್ಲಿ ಗ, ದ, ಬಗಳು ಆದೇಶವಾಗಿ ಬರುವುವು.

ಭಾಷ್ಯ: ಕತೆಯಿದ್ದಲ್ಲಿ ಗದ್ದಲ, ತಿರುಳಿದ್ದಲ್ಲಿ ದೂಳು, ಪಾತ್ರವಿದ್ದಲ್ಲಿ ಬಂದೂಕು. ಗಕಾರಾದೇಶಕ್ಕೆ 2024ರ ‘ಕಂಗುವ’ವೇ ಪ್ರಮಾಣ: ಸದ್ದನ್ನು ಎರಡು ಅಂಕ ತಗ್ಗಿಸಿರೆಂದು ಚಿತ್ರಮಂದಿರಗಳಿಗೆ ನಿರ್ಮಾಪಕರೇ ಹೇಳಬೇಕಾಯಿತು. ದಕಾರ, ಬಕಾರಗಳಿಗೆ ಮತ್ತೆ ‘ಕಬ್ಜ’ವನ್ನೇ ನೋಡುವುದು, ಕೋಲಾರದ ಗಣಿಯ ಮಸಿ ಅಲ್ಲಿ ಗಣಿಯೇ ಇಲ್ಲದೆ ಹಾರುತ್ತದೆ.

ಪೂರ್ವಪಕ್ಷ

‘2018ರ ‘ಕೆಜಿಎಫ್’ ಕೂಡ ಎರಡು ಭಾಗ ತಾನೆ? ಅದನ್ನು ಮೆಚ್ಚಿದವರು ಇವನ್ನೇಕೆ ಹಳಿಯಬೇಕು?’ ಎಂದು ಅಭಿಮಾನಿ ಸಂಘಗಳು ಆಕ್ಷೇಪಿಸಬಹುದು. ಆಕ್ಷೇಪ ಸಲ್ಲದು. ಗರುಡನನ್ನು ಕೊಲ್ಲಲೆಂದು ಗಣಿಗಿಳಿದ ರಾಕಿ ಮೊದಲ ಭಾಗದಲ್ಲೇ ಅವನನ್ನು ಕೊಂದ. ನಿರ್ವಹಣ ಸಂಧಿ ಸಾಂಗವಾಗಿ ನೆರವೇರಿತು. 2023ರ ‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ ಮನು ಜೈಲಿನಲ್ಲಿರುವಾಗಲೇ ಮುಗಿಯಿತು. ಆದರೂ ಪ್ರಿಯಾ ಕಳೆದುಕೊಂಡದ್ದೇನೆಂದು ನೋಡಿದವರಿಗೆ ತಿಳಿದಿತ್ತು. ಎರಡೂವರೆ ತಿಂಗಳಲ್ಲಿ ಬಂದ ಸೈಡ್ ಬಿಗೆ ಜನ ಹೋದದ್ದು ಆ ಇಬ್ಬರ ಗತಿಯೇನಾಯಿತೆಂದು ತಿಳಿಯಲು. ಕತೆಯನ್ನು ಬೆಳೆಸುವುದು ಬೇರೆ, ಬಾಕಿ ಇಟ್ಟುಕೊಳ್ಳುವುದು ಬೇರೆ. ಬಾಕಿ ಇಟ್ಟವನನ್ನು ನಮ್ಮ ಕಿರಾಣಿ ಅಂಗಡಿಗಳಲ್ಲಿ ಕಲಾವಿದ ಎನ್ನುವ ಪದ್ಧತಿಯಿಲ್ಲ.

ಸಿದ್ಧಾಂತ

ಅಯ್ಯೋ, ಅಬ್ಬಾ ಮುಂತಾದ ಅವ್ಯಯಗಳ ಮುಂದೆ ಸ್ವರ ಬಂದರೂ ಸಂಧಿಯಾಗದು. ಇದಕ್ಕೆ ಪ್ರಕೃತಿಭಾವವೆಂದು ಹೆಸರು. ಚಿತ್ರಮಂದಿರದ ಬಾಗಿಲಲ್ಲಿ ಮೈಕ್ ಹಿಡಿದ ಹುಡುಗರು ‘ಹೇಗಿತ್ತು ಸರ್?’ ಎಂದಾಗ ಪ್ರೇಕ್ಷಕನ ಬಾಯಿಂದ ಮೊದಲು ಹೊರಡುವ ಪದ ‘ಅಯ್ಯೋ’. ಆದ್ದರಿಂದ ಪ್ರೇಕ್ಷಕನಿಗೂ ಚಿತ್ರಕ್ಕೂ ಸಂಧಿಯಿಲ್ಲವೆಂದು ಸಿದ್ಧವಾಯಿತು. ಆ ಉದ್ಗಾರವನ್ನು ಮುಂದಿನ ಭಾಗಕ್ಕೆ ಬಂದ ಬೇಡಿಕೆಯೆಂದು ಗಾಂಧಿನಗರ ಓದಿಕೊಂಡರೆ ಅದು ವೈಯಾಕರಣ ಕೇಶಿರಾಜನ ತಪ್ಪಲ್ಲ.