ಕುತ್ತಿಗೆಗೊಂದು ಸಿಂಬೆ

ಬೆಂಗಳೂರಿನಿಂದ ಸಾಗರಕ್ಕೆ ರಾತ್ರಿ ಬಸ್ಸಿನಲ್ಲಿ ಏಳು ಗಂಟೆಯ ಹಾದಿ. ಈ ಏಳು ಗಂಟೆಯಲ್ಲಿ ನನ್ನ ತಲೆ ಎಷ್ಟು ಸಲ ಬೀಳುತ್ತದೆ ಎಂದು ಒಮ್ಮೆ ನನ್ನ ಹೆಂಡತಿ ಎಣಿಸಿದ್ದಳು. ತಿಪಟೂರಿನ ಹೊತ್ತಿಗೆ ನಲವತ್ತು ದಾಟಿತಂತೆ. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದದ್ದರಿಂದ ಲೆಕ್ಕ ಅಲ್ಲಿಗೇ ನಿಂತಿತು. ಅವಳ ನಿದ್ದೆಗೆ ದಿಂಬು ಬೇಡ, ಕತ್ತಲೆಯೂ ಬೇಡ. ಕಂಡಕ್ಟರ್ ಟಿಕೆಟ್ ನೋಡಿ ಹೋದರೆ ಸಾಕು.

ಮಲಗಿಕೊಂಡೇ ಹೋಗುವ ಬಸ್ಸುಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ನಾನೂ ಹೋಗಿದ್ದೇನೆ. ತಿರುವು ಬಂದಾಗಲೆಲ್ಲ ಗಾಜಿನಿಂದ ಕಂಬಿಗೆ, ಕಂಬಿಯಿಂದ ಗಾಜಿಗೆ ಉರುಳಿ, ಬೆಳಗ್ಗೆ ಲಟ್ಟಣಿಗೆಯಾಗಿ ಇಳಿದಿದ್ದೇನೆ. ತಾಳಗುಪ್ಪದ ರೈಲು ಇದೆ, ಒಳ್ಳೆಯ ರೈಲು. ಆದರೆ ಹಬ್ಬದ ಹಿಂದಿನ ದಿನ ಅದರಲ್ಲಿ ಬರ್ತ್ ಸಿಗಬೇಕಾದರೆ ಹಿಂದಿನ ಹಬ್ಬದಲ್ಲೇ ಯೋಚಿಸಬೇಕು, ನಾನು ಅಷ್ಟು ದೂರದೃಷ್ಟಿಯವನಲ್ಲ. ಹಾಗಾಗಿ ಕೂತೇ ನಿದ್ದೆ ಮಾಡುವುದು ನನ್ನ ಹಣೆಬರಹ.

ತಲೆ ಎಡಕ್ಕೆ ಬಿದ್ದರೆ ತೊಂದರೆಯಿಲ್ಲ, ಕಿಟಕಿ ಇದೆ. ಬಲಕ್ಕೆ ಬಿದ್ದರೆ ಹೆಂಡತಿ ಇದ್ದಾಳೆ, ಅವಳ ಮೊಣಕೈಯೂ ಇದೆ. ಮುಂದಕ್ಕೆ ಬೀಳುವುದೇ ಕಷ್ಟ. ಗಲ್ಲ ಎದೆಗೆ ಬಡಿದು ಫಕ್ಕನೆ ಎಚ್ಚರವಾಗುತ್ತದೆ. ಯಾರಾದರೂ ನೋಡಿದರೇನೋ ಎಂದು, ಏನೋ ಗಹನವಾಗಿ ಯೋಚಿಸುತ್ತಿದ್ದವನ ಹಾಗೆ ಮುಖ ಮಾಡಿಕೊಂಡು ಕಿಟಕಿಯ ಹೊರಗೆ ನೋಡುತ್ತೇನೆ. ಅಲ್ಲಿ ಅರಸೀಕೆರೆ ಕಡೆಯ ಕತ್ತಲೆ ಬಿಟ್ಟರೆ ಬೇರೇನೂ ಇರುವುದಿಲ್ಲ.

ತಂಗಿಯ ಗಂಡ ಫಿಸಿಯೋಥೆರಪಿಯವನು. ಒಂದು ಸೋಮವಾರ ನನ್ನ ಕುತ್ತಿಗೆ ಒಂದೇ ಕಡೆ ತಿರುಗಿ ನಿಂತುಬಿಟ್ಟಾಗ ಅವನ ಹತ್ತಿರ ಹೋದೆ.

"ಭಾವ, ನಿಮ್ಮ ತಲೆ ಎಷ್ಟು ಭಾರ ಗೊತ್ತಾ?" ಎಂದ.

"ಅದರಲ್ಲಿ ಭಾರ ಏನಿರುತ್ತೆ?" ಎಂದಳು ಜೊತೆಗೆ ಬಂದಿದ್ದ ಹೆಂಡತಿ.

ಅವನು ಅದನ್ನು ಕೇಳಿಸಿಕೊಳ್ಳದವನಂತೆ ವಿವರಿಸಿದ. ದೊಡ್ಡವರ ತಲೆ ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ. ಐದು ಲೀಟರಿನ ಅಡುಗೆ ಎಣ್ಣೆಯ ಕ್ಯಾನು ಕೈಯಲ್ಲಿ ಹಿಡಿದು ನೋಡಿ, ಹೆಚ್ಚುಕಡಿಮೆ ಅಷ್ಟೇ. ಎಚ್ಚರವಿರುವಾಗ ಕುತ್ತಿಗೆಯ ಸ್ನಾಯುಗಳು ದಿನವಿಡೀ ಆ ಕ್ಯಾನನ್ನು ನೆಟ್ಟಗೆ ಹಿಡಿದಿರುತ್ತವೆ. ನಿದ್ದೆ ಹತ್ತಿದಂತೆ ಅವು ಸಡಿಲವಾಗುತ್ತವೆ, ಕನಸು ಬೀಳುವ ಹೊತ್ತಿಗಂತೂ ಪೂರ್ತಿ ಕೈಬಿಡುತ್ತವೆ. ಮಲಗಿದ್ದರೆ ಏನೂ ಆಗುವುದಿಲ್ಲ. ಕೂತಿದ್ದರೆ ಕ್ಯಾನು ಬೀಳುತ್ತದೆ. "ನಿಮಗೆ ಬೇಕಾದ್ದು ಮೆತ್ತನೆಯ ದಿಂಬಲ್ಲ, ಭಾವ. ತಲೆ ಬೀಳದ ಹಾಗೆ ಒಂದು ಊರುಗೋಲು."

ಸರಿ, ಊರುಗೋಲು ಹುಡುಕಲು ಹೊರಟೆ.

ಮೊದಲನೆಯದನ್ನು ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಕೊಂಡೆ. ಲಾಳದ ಆಕಾರ, ಮೇಲೆ ನೀಲಿ ಮಖಮಲ್ಲು, ಒಳಗೆ ಗಾಳಿ. ಅಂದರೆ ಗಾಳಿಯನ್ನು ನಾವೇ ಊದಿ ತುಂಬಬೇಕು. ಮುನ್ನೂರು ಹೇಳಿದ, ನೂರೈವತ್ತಕ್ಕೆ ಕೊಟ್ಟ. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬಸ್ಸು ಹೊರಟ ಮೇಲೆ ಊದಲು ಶುರುಮಾಡಿದೆ. ಹತ್ತು ಸಲ ಊದಿದರೆ ಕೆನ್ನೆ ನೋವು, ಇಪ್ಪತ್ತು ಸಲಕ್ಕೆ ತಲೆ ಸುತ್ತು. ಹಿಂದಿನ ಸೀಟಿನ ಮಗು ಎದ್ದು ನಿಂತು, ಇನ್ನೇನು ಬಲೂನು ಕೊಡುತ್ತಾರೆ ಎನ್ನುವ ಆಸೆಯಿಂದ ನೋಡುತ್ತಿತ್ತು. ಬಿಗಿಯಾಗಿ ತುಂಬಿ ಹಾಕಿಕೊಂಡೆ. ತಲೆ ಅದರ ಮೇಲೆ ನಿಲ್ಲಲಿಲ್ಲ, ಪುಟಿಯಿತು. ಇಂಥ ದಿಂಬಿಗೆ ಮುಕ್ಕಾಲು ಭಾಗ ಮಾತ್ರ ಗಾಳಿ ತುಂಬಬೇಕು, ಆಗಲೇ ತಲೆ ಅದರೊಳಗೆ ಕೂರುವುದು ಎನ್ನುವುದು ಆಮೇಲೆ ತಿಳಿಯಿತು. ಆ ರಾತ್ರಿ ನಾನು ಮುಕ್ಕಾಲು ಮಾಡುವ ಅಗತ್ಯವೇ ಬರಲಿಲ್ಲ, ದಿಂಬು ತಾನೇ ಮಾಡಿಕೊಂಡಿತು. ತುಮಕೂರಿನಲ್ಲಿ ಮುಕ್ಕಾಲು, ತಿಪಟೂರಿನಲ್ಲಿ ಅರ್ಧ. ಕಡೂರಿನಲ್ಲಿ ನನ್ನ ಕುತ್ತಿಗೆಯಲ್ಲಿ ನೀಲಿ ಮಖಮಲ್ಲಿನ ಶಲ್ಯ ಮಾತ್ರ ಉಳಿದಿತ್ತು.

ಎರಡನೆಯದು ಮಗಳು ಕೊಡಿಸಿದ್ದು. ಮೆಮೊರಿ ಫೋಮ್. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ವಿಮಾನದ ಸೀಟಿನ ಮೆತ್ತೆಗೆಂದು ರೂಪಿಸಿದ ವಸ್ತು ಅದು. ಒತ್ತಿದರೆ ಒತ್ತಿದ ಆಕಾರಕ್ಕೆ ತಗ್ಗುತ್ತದೆ, ಬಿಟ್ಟರೆ ನಿಧಾನವಾಗಿ ಮೊದಲಿನ ಆಕಾರ ನೆನಪಿಸಿಕೊಂಡು ಮೇಲೇಳುತ್ತದೆ. ಇದನ್ನೆಲ್ಲ ಮಗಳು ಹೇಳಿ ಮುಗಿಸುವಷ್ಟರಲ್ಲಿ ಅವಳಮ್ಮ, "ನೆನಪಿನ ಶಕ್ತಿ ಇದೆ ಅಂದ ಮೇಲೆ ತರಕಾರಿಗೆ ಇನ್ನು ಅದನ್ನೇ ಕಳಿಸೋಣ" ಎಂದಳು. ನಾನು ಅದರ ಹಿಂದಿನ ದಿನ ಕೊತ್ತಂಬರಿ ಸೊಪ್ಪು ಮರೆತು ಬಂದಿದ್ದೆ.

ಈ ಫೋಮಿನದು ಒಂದು ಗುಣವಿದೆ. ಬೆಚ್ಚಗಿದ್ದರೆ ಮೆತ್ತಗಾಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ನಮ್ಮ ಎ.ಸಿ. ಬಸ್ಸುಗಳ ಚಳಿಯ ಅನುಭವ ನಿಮಗಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಸುಮ್ಮನೆ ಬ್ಯಾಗಿನ ಮೇಲಿದ್ದ ದಿಂಬು ನೆಲಮಂಗಲ ದಾಟುವುದರೊಳಗೆ ಇಟ್ಟಿಗೆಯಾಗಿತ್ತು. ಕುತ್ತಿಗೆಗೆ ಹಾಕಿ, ಶಾಲು ಹೊದ್ದು, ಕೋಳಿ ಮೊಟ್ಟೆಗೆ ಕಾವು ಕೊಡುವಂತೆ ಕೂತ ಮೇಲೆ ಹದಕ್ಕೆ ಬಂತು. ಆದರೆ ಅದರ ದಪ್ಪ ಭಾಗವೆಲ್ಲ ಹಿಂದೆ. ಸೀಟಿಗೂ ಕುತ್ತಿಗೆಗೂ ನಡುವೆ ಅಷ್ಟು ಜಾಗವೆಲ್ಲಿದೆ? ಅದು ತಲೆಯನ್ನು ಹಿಂದಿನಿಂದ ಮುಂದಕ್ಕೆ ತಳ್ಳುತ್ತದೆ. ಮುಂದುಗಡೆಯೋ, ಲಾಳದ ಬಾಯಿ ತೆರೆದೇ ಇದೆ. ಗಲ್ಲ ಬೀಳುವುದು ಸರಿಯಾಗಿ ಅಲ್ಲಿಗೇ. ಊರುಗೋಲು ಬೇಕಾದ ಕಡೆ ಬಾಗಿಲು ಇಟ್ಟು, ಬೇಡದ ಕಡೆ ಗೋಡೆ ಕಟ್ಟಿದ್ದಾರೆ. ಕೊನೆಗೆ ತಿರುಗಿಸಿ, ದಪ್ಪ ಭಾಗ ಗಲ್ಲದ ಕೆಳಗೆ ಬರುವಂತೆ ಹಾಕಿಕೊಂಡೆ. ನೊಗ ಕಟ್ಟಿದ ಎತ್ತಿನ ಹಾಗೆ ಕಂಡಿರಬೇಕು, ಟಾರ್ಚ್ ಹಿಡಿದು ಬಂದ ಕಂಡಕ್ಟರ್ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಸುಳ್ಳು ಹೇಳಬಾರದು, ಆ ರಾತ್ರಿ ಎರಡು ಗಂಟೆ ನಿದ್ದೆ ಬಂತು.

ಅದೇ ಅವತಾರದಲ್ಲಿ ಮನೆಯ ಮೆಟ್ಟಿಲು ಹತ್ತಿದೆ. ಅಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದವಳು ತಂಬಿಗೆ ಹಿಡಿದುಕೊಂಡೇ ನಿಂತಳು.

"ಎಂತದಾ ಇದು? ಸಿಂಬೆನ ತಲೆ ಮೇಲೆ ಇಟ್ಕಳದು ನೋಡಿದ್ದೆ. ಕುತ್ತಿಗೆಗೆ ಕಟ್ಕಳದು ಇವತ್ತೇ ನೋಡಿದ್ದು."

ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಬಾವಿಯಿಂದ ನೀರು ತರುವಾಗ ತಲೆಗೂ ಕೊಡಕ್ಕೂ ನಡುವೆ ಇಡುವ ಬಟ್ಟೆಯ ಸುರುಳಿ, ತಳ ದುಂಡಗಿರುವ ಗಡಿಗೆ ಉರುಳದಂತೆ ಅಡಿಗಿಡುವ ಹುಲ್ಲಿನ ಬಳೆ, ಅದೇ ಸಿಂಬೆ. ತಲೆ ಎಂಬ ಐದು ಕಿಲೋದ ಗಡಿಗೆಗೆ ಬೇಕಾದದ್ದೂ ಅದೇ ಅಲ್ಲವೇ! ನಾಸಾಕ್ಕೆ ಮುಂಚೆಯೇ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಅದು ಕೂತಿತ್ತು, ಮೇಲೆ ಮಜ್ಜಿಗೆ ಗಡಿಗೆ ಹೊತ್ತುಕೊಂಡು. ಹಾವು ಸುರುಳಿ ಸುತ್ತಿ ಮಲಗುವುದಕ್ಕೂ ಸಿಂಬೆ ಸುತ್ತುವುದು ಎಂದೇ ನಾವು ಹೇಳುವುದು. ಶ್ರೀರಂಗಪಟ್ಟಣದ ರಂಗನಾಥ ಆದಿಶೇಷನ ಸಿಂಬೆಯ ಮೇಲೆ ಎಷ್ಟು ಆರಾಮಾಗಿ ಮಲಗಿದ್ದಾನೆ ನೋಡಿ. ಆದರೆ ಅವನೂ ಮಲಗಿದ್ದಾನೆ, ಕೂತಿಲ್ಲ.

ಅಮ್ಮನಿಗೆ ದಿಂಬಿನ ಬಗ್ಗೆ ಗೌರವ ಕಡಿಮೆ. ಅದಕ್ಕೆ ಕಾರಣ ನನ್ನ ಅಜ್ಜ. ಅಜ್ಜ ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ತಲೆಯಡಿಗೆ ಹಲಸಿನ ಮರದ ಮಣೆ ಇಟ್ಟುಕೊಂಡು ಮಲಗುತ್ತಿದ್ದ. ಬರೀ ಮಣೆ, ಮೇಲೊಂದು ಪಂಚೆಯೂ ಇಲ್ಲ. ಐದು ನಿಮಿಷದಲ್ಲಿ ಗೊರಕೆ. ಈಜಿಪ್ಟಿನಲ್ಲಿ ಟುಟಾಂಖಾಮನ್ ದೊರೆಯ ಗೋರಿಯನ್ನು 1922ರಲ್ಲಿ ತೆರೆದಾಗ ದಂತದಲ್ಲಿ ಕಡೆದ ತಲೆದಿಂಬು ಸಿಕ್ಕಿತಂತೆ. ಚೀನಾದವರು ಪಿಂಗಾಣಿಯ ದಿಂಬಿನ ಮೇಲೆ ಮಲಗುತ್ತಿದ್ದರು. ಇವರ ಸಾಲಿನಲ್ಲಿ ನಮ್ಮ ಅಜ್ಜನನ್ನೂ ಕೂರಿಸಬಹುದು. ಕಟ್ಟಿಗೆಯ ಮೇಲೆ ನಿದ್ದೆ ಬರುವವನಿಗೆ ಸಂತೆಯಲ್ಲಿ ಬೂರುಗದ ಹತ್ತಿ ಎಷ್ಟು ದುಬಾರಿಯಾದರೇನು?

ವಾಪಸು ಹೊರಡುವ ದಿನ ಅಮ್ಮ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಹಿಂಡಿ ತಿರುಚಿ, ಸಿಂಬೆ ಸುತ್ತಿ, ತುದಿ ಸಿಕ್ಕಿಸಿ ಕೊಟ್ಟಳು. ಒಗೆದು ಒಗೆದು ಮೆತ್ತಗಾದ ಬಟ್ಟೆ, ಕಪಾಟಿನ ಸೀಗೆಕಾಯಿ ವಾಸನೆ ಇನ್ನೂ ಇತ್ತು. ದಪ್ಪ ಬೇಕಾದರೆ ಇನ್ನೊಂದು ಸುತ್ತು, ಸಾಕಾದರೆ ಬಿಚ್ಚಿ ಹೊದ್ದುಕೊಳ್ಳಬಹುದು. ಗಲ್ಲದ ಕೆಳಗೆ ಗಂಟು ಬರುವಂತೆ ಇಟ್ಟುಕೊಂಡರೆ ತಲೆ ಮುಂದಕ್ಕೆ ಬೀಳುವುದಿಲ್ಲ. ನಾನು ಪರೀಕ್ಷಿಸಿದ ಮೂರರಲ್ಲಿ ಅಂಕ ಕೊಡುವುದಾದರೆ ಇದಕ್ಕೇ ಮೊದಲ ಸ್ಥಾನ. ಕಿಟಕಿ ಪಕ್ಕದ ಸೀಟು ಸಿಗಬೇಕು, ಅದೊಂದು ಷರತ್ತು.

ಹೋದ ದೀಪಾವಳಿಗೆ ಆ ಸೀಟು ಸಿಗಲಿಲ್ಲ. ಹೆಂಡತಿ, ಮಗಳು ಎರಡು ದಿನ ಮೊದಲೇ ಹೋಗಿದ್ದರು. ಸೀರೆಯ ಸಿಂಬೆ ಅವರ ಚೀಲದಲ್ಲಿ ಹೋಗಿತ್ತು, ಫೋಮಿನ ದಿಂಬು ನನ್ನ ಚೀಲದೊಳಗೆ ಬಸ್ಸಿನ ಡಿಕ್ಕಿ ಸೇರಿತ್ತು. ಕಿಟಕಿ ಪಕ್ಕ ಒಬ್ಬ ಹಿರಿಯರು ಕೂತಿದ್ದರು, ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್. ಅಡಿಕೆ ಧಾರಣೆ ಮಾತಾಡಿದೆವು. ಮಧ್ಯೆ ಎಲ್ಲೋ ಟೀಗೆ ನಿಲ್ಲಿಸಿದಾಗ ಇಬ್ಬರೂ ಇಳಿದು ಹತ್ತಿದೆವು. ಕಡೂರು ದಾಟಿದ್ದು ನೆನಪಿದೆ.

ಆಮೇಲೆ ನೆನಪಿರುವುದು ಕಂಡಕ್ಟರ್ "ಸಾಗರ, ಸಾಗರ" ಎಂದು ಕೂಗಿದ್ದು. ಬೆಳಕು ಹರಿಯುತ್ತಿತ್ತು. ನನ್ನ ಕಿವಿ ಟವೆಲಿನ ಮೇಲಿತ್ತು, ಟವೆಲು ಅವರ ಭುಜದ ಮೇಲಿತ್ತು. ಅವರು ಕಡ್ಡಿಯಂತೆ ನೆಟ್ಟಗೆ ಕೂತಿದ್ದರು. ಜೀವಮಾನದಲ್ಲಿ ಬಸ್ಸಿನಲ್ಲಿ ಅಷ್ಟು ಒಳ್ಳೆಯ ನಿದ್ದೆ ನಾನು ಮಾಡಿರಲಿಲ್ಲ.

"ಎದ್ರಾ? ಸದ್ಯ" ಎಂದರು. "ನಾನು ಆನಂದಪುರದಲ್ಲಿ ಇಳೀಬೇಕಿತ್ತು ಮಾರಾಯ್ರೆ. ಒಳ್ಳೆ ನಿದ್ರೇಲಿದ್ರಿ, ಏಳ್ಸಕ್ಕೆ ಮನಸು ಬರ್ಲಿಲ್ಲ."

ನನಗೆ ಎಲ್ಲಿ ಮುಖ ಇಡುವುದು ತಿಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಕಾಫಿ ಕೊಡಿಸಿದೆ, ಆನಂದಪುರಕ್ಕೆ ಹೋಗುವ ಬಸ್ಸು ಹುಡುಕಿದೆ, ಬೇಡ ಬೇಡ ಎಂದರೂ ಟಿಕೆಟ್ಟಿನ ದುಡ್ಡು ಜೇಬಿಗೆ ತುರುಕಿದೆ. ಅಷ್ಟಕ್ಕೂ ಸಮಾಧಾನವಾಗದೆ ಚೀಲ ಬಿಚ್ಚಿ ಫೋಮಿನ ದಿಂಬನ್ನೇ ಅವರ ಕೈಗಿಟ್ಟೆ, ಮುಂದಿನ ಸಲ ನಿಮಗಾಗುತ್ತದೆ ಎಂದು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಒಮ್ಮೆ ಒತ್ತಿದರು, ಮೇಲೇಳುವವರೆಗೆ ಕಾದರು.

"ನಮ್ಮನೇಲಿ ಈಗ ಸ್ಟೀಲ್ ಪಾತ್ರೆ" ಎಂದು ವಾಪಸು ಕೊಟ್ಟು ಬಸ್ಸು ಹತ್ತಿದರು.