ಜನರಲ್ ಕಾಟನ್ನರ ಪಿಂಚಣಿ ಕಾಲ

ಸರ್ ಆರ್ಥರ್ ಕಾಟನ್ (1803–1899) ಬಾಳಿದ್ದು 96 ವರ್ಷ. ಅದರಲ್ಲಿ ಸುಮಾರು 40 ವರ್ಷ ಮದರಾಸು ಸೈನ್ಯದ ಎಂಜಿನಿಯರ್ ಆಗಿ ದುಡಿದರು. ಹೆಚ್ಚುಕಡಿಮೆ ಅಷ್ಟೇ ವರ್ಷ ನಿವೃತ್ತರಾಗಿ ದುಡಿದರು. ಎರಡಕ್ಕೂ ಇದ್ದ ವ್ಯತ್ಯಾಸ ಇಷ್ಟೇ: ನೌಕರಿಯಲ್ಲಿದ್ದಾಗ ಸರ್ಕಾರ ಕೇಳಿದ್ದಕ್ಕೆ ವರದಿ ಬರೆದರು, ಪಿಂಚಣಿ ಬಂದ ಮೇಲೆ ಕೇಳದಿದ್ದರೂ ಬರೆದರು.

ಹದಿನೈದರ ಹರೆಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕೊಂಬ್ ಸೈನಿಕ ಶಾಲೆ ಸೇರಿದ ಹುಡುಗ 1821ರಲ್ಲಿ ಮದರಾಸಿಗೆ ಬಂದಿಳಿದ. 1824ರಲ್ಲಿ ಶುರುವಾದ ಮೊದಲ ಬರ್ಮಾ ಯುದ್ಧಕ್ಕೂ ಹೋಗಿಬಂದ. ಆದರೆ ಕಾಟನ್ನರ ಅಸಲಿ ಶತ್ರುಗಳು ಬರ್ಮಾದಲ್ಲಿರಲಿಲ್ಲ. ಮರಳು, ಪ್ರವಾಹ, ಖಜಾನೆ ಈ ಮೂರರ ಜೊತೆಗೇ ಅವರ ಆಯುಷ್ಯವೆಲ್ಲ ಸೆಣಸಾಟ ನಡೆಯಿತು. ಮೊದಲೆರಡು ಕೊನೆಗೆ ಮಣಿದವು.

ಕಾವೇರಿಯ ನೀರು ಕೊಳ್ಳಿಡಂ ಕವಲಿಗೆ ಹರಿದುಹೋಗಿ ತಂಜಾವೂರಿನ ಗದ್ದೆಗಳು ಬಾಯಾರುತ್ತಿದ್ದ ಕಾಲದಲ್ಲಿ, 1836ರ ಸುಮಾರಿಗೆ ಕೊಳ್ಳಿಡಂಗೆ ಅಡ್ಡಲಾಗಿ ಎರಡು ಒಡ್ಡು ಕಟ್ಟಿಸಿದರು. ಆಗ ಅವರಿಗೆ ಸಿಕ್ಕ ದೊಡ್ಡ ಗುರು ಕಾವೇರಿಯ ಕಲ್ಲಣೈ, ಅಂದರೆ ಚೋಳರ ಕಾಲದ ಹಳೆಯ ಕಲ್ಲಿನೊಡ್ಡು. ಎಷ್ಟು ತೋಡಿದರೂ ಬಂಡೆ ಸಿಗದ ನದಿಯಲ್ಲಿ ತಳಪಾಯ ಹಾಕುವುದು ಹೇಗೆಂಬುದಕ್ಕೆ ಅದರಲ್ಲಿ ಉತ್ತರವಿತ್ತು. ಮರಳಿನ ಮೇಲೆ ದಪ್ಪ ಕಲ್ಲು ಸುರಿಯಬೇಕು, ಅದು ಹೂತುಹೋಗುತ್ತದೆ. ಮತ್ತೆ ಸುರಿಯಬೇಕು, ಅದೂ ಹೂತುಹೋಗುತ್ತದೆ. ಹೂಳುವುದು ನದಿಗೇ ಸಾಕಾಗುವ ತನಕ ಸುರಿಯುತ್ತಲೇ ಇರಬೇಕು. ಆಮೇಲೆ ಅದರ ಮೇಲೆ ಕಟ್ಟಡ ಏಳುತ್ತದೆ. ಈ ವಿದ್ಯೆ ಕಲಿತದ್ದು ಹಳೆಯ ಕಟ್ಟುಗರಿಂದ ಎಂದು ಕಾಟನ್ ಬಾಯಿಬಿಟ್ಟು ಒಪ್ಪಿಕೊಂಡರು. ಆಳುವ ಕಂಪನಿಯ ಅಧಿಕಾರಿಯೊಬ್ಬ ಆಳಿಸಿಕೊಳ್ಳುವವರ ಅಜ್ಜಂದಿರಿಗೆ ಶಿಷ್ಯನಾದೆ ಎಂದು ಹೇಳುವುದು ಆಗಿನ ಶಿಷ್ಟಾಚಾರದಲ್ಲಿ ಅಷ್ಟಾಗಿ ಇರಲಿಲ್ಲ.

ಆ ವಿದ್ಯೆಯ ದೊಡ್ಡ ಪ್ರಯೋಗ ರಾಜಮಹೇಂದ್ರಿಯ ಬಳಿ ಧವಳೇಶ್ವರಂನಲ್ಲಿ ನಡೆಯಿತು. 1833ರ ಬರ, 1839ರ ಚಂಡಮಾರುತ ಎರಡನ್ನೂ ಉಂಡ ಗೋದಾವರಿ ಸೀಮೆಗೆ 1847ರಲ್ಲಿ ಒಡ್ಡಿನ ಕೆಲಸ ಶುರುವಾಯಿತು. ನದಿ ಅಲ್ಲಿ ನಡುಗಡ್ಡೆಗಳಿಂದ ನಾಲ್ಕು ಕವಲಾಗಿದೆ. ಒಡ್ಡೂ ನಾಲ್ಕು ತುಂಡು, ಒಟ್ಟು ಉದ್ದ ಮೂರೂವರೆ ಕಿಲೋಮೀಟರಿಗೂ ಹೆಚ್ಚು. ಕಲ್ಲಿಗೆ ಪಕ್ಕದ ಗುಡ್ಡವಿತ್ತು. ನಡುವೆ ಆರೋಗ್ಯ ಕೈಕೊಟ್ಟು ಕಾಟನ್ ಆಸ್ಟ್ರೇಲಿಯಾಕ್ಕೆ ಹೋಗಬೇಕಾಯಿತು. ಚೇತರಿಸಿಕೊಂಡು ಮತ್ತೆ ಬಂದು ಮರಳಿಗೆ ಕಲ್ಲು ಉಣಿಸತೊಡಗಿದರು. 1852ರಲ್ಲಿ ಒಡ್ಡು ಮುಗಿಯಿತು, ಬರದ ಸೀಮೆ ಭತ್ತದ ಸೀಮೆಯಾಯಿತು.

ಕಾಟನ್ನರಿಗೆ ರೈಲು ಕಂಡರೆ ಆಗುತ್ತಿರಲಿಲ್ಲ. ವಿಚಿತ್ರವೆಂದರೆ ಭಾರತದ ಮೊದಲ ರೈಲು ದಾರಿಗಳಲ್ಲಿ ಒಂದಾದ, ರಸ್ತೆ ಕೆಲಸಕ್ಕೆ ಕಲ್ಲು ಸಾಗಿಸುತ್ತಿದ್ದ 1837ರ ಮದರಾಸಿನ ರೆಡ್ ಹಿಲ್ಸ್ ದಾರಿಯ ಹಿಂದೆ ಇದ್ದವರಲ್ಲಿ ಇವರೂ ಒಬ್ಬರು. ಅದೇ ಮನುಷ್ಯ ಮುಂದೆ ಇಡೀ ದೇಶ ರೈಲಿನ ಹಿಂದೆ ಬಿದ್ದಾಗ, ದೋಣಿ ಓಡುವ ಕಾಲುವೆ ತೋಡಿ, ಸರಕು ಸಾಗಿಸುವುದೂ ಅಗ್ಗ, ಹೊಲಕ್ಕೆ ನೀರೂ ಉಂಟು ಎಂದು ಹಟ ಹಿಡಿದರು. ರೈಲು ಹಳಿ ಹಾಸಿದರೆ ಪಕ್ಕದ ಹೊಲದಲ್ಲಿ ಒಂದು ಪೈರೂ ಹೆಚ್ಚಿಗೆ ಬೆಳೆಯುವುದಿಲ್ಲ ಎಂಬುದು ಅವರ ವಾದದ ತಿರುಳು. ರೈಲಿನಲ್ಲಿ ದುಡ್ಡು ಹೂಡಿದವರಿಗೆ ಅದು ಹಿಡಿಸಲಿಲ್ಲ.

1860ರಲ್ಲಿ ನಿವೃತ್ತರಾದರು, ಮರುವರ್ಷ ಸರ್ ಪದವಿ ಬಂತು. ಇಷ್ಟಾದ ಮೇಲೆ ಮನುಷ್ಯ ಆರಾಮಕುರ್ಚಿಯಲ್ಲಿ ಕೂತು ಹವಾಮಾನದ ಮೇಲೆ ಗೊಣಗುವುದು ಇಂಗ್ಲೆಂಡಿನ ರೂಢಿ. ಕಾಟನ್ ಕೂತದ್ದು ಬರೆಯುವ ಮೇಜಿನ ಮುಂದೆ. ಉತ್ತರದ ನದಿಗಳಿಂದ ಮದರಾಸಿನವರೆಗೆ ಕಾಲುವೆಗಳ ಜಾಲ ಹೆಣೆಯುವ ಯೋಜನೆಯನ್ನು ಪುಸ್ತಿಕೆ, ಪತ್ರ, ಭಾಷಣ ಎಲ್ಲದರಲ್ಲೂ ಸಾರಿದರು. ಫ್ಲಾರೆನ್ಸ್ ನೈಟಿಂಗೇಲ್ ಕಾಟನ್ನರ ಪರ ನಿಂತರು. ಒಂದೇ ಕೊರತೆಯೆಂದರೆ ಕಾಟನ್ ಒತ್ತಾಯಿಸಿ ಶುರುಮಾಡಿಸಿದ ಕರ್ನೂಲು–ಕಡಪಾ ಕಾಲುವೆ. ತುಂಗಭದ್ರೆಯಿಂದ ನೀರು ಬಂತು, ಕೊಳ್ಳುವ ರೈತರು ಬರಲಿಲ್ಲ. ಕಟ್ಟಿದ ಕಂಪನಿಗೆ ಕೈಸುಟ್ಟಿತು, ಸರ್ಕಾರವೇ ಅದನ್ನು ಕೊಂಡುಕೊಳ್ಳಬೇಕಾಯಿತು. ವಿರೋಧಿಗಳಿಗೆ ಬೇಕಾಗಿದ್ದೂ ಅದೇ. 1878ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಎಪ್ಪತ್ತೈದರ ಮುದುಕರು ತಮ್ಮ ಲೆಕ್ಕ ಒಪ್ಪಿಸಿದರು. ಸಮಿತಿ ಜಗ್ಗಲಿಲ್ಲ, ಅವರೂ ಜಗ್ಗಲಿಲ್ಲ.

ನೀರಾವರಿಯಿಂದ ಬಿಡುವು ಸಿಕ್ಕಾಗ ಜನರಲ್ ಸಾಹೇಬರು ಅರಬ್ಬಿ ಭಾಷೆಗೆ ಕೈಹಾಕಿದರು. 1876ರಲ್ಲಿ ಅವರ ಅರಬ್ಬಿ ಬಾಲಬೋಧೆ ಅಚ್ಚಾಯಿತು: 30 ಮೂಲ ಪದಗಳು, ಅವನ್ನೇ ತಿರುಗಾಮುರುಗಾ ಮಾಡಿ 180 ಪುಟ್ಟ ವಾಕ್ಯಗಳು, ಬಾಯಿಪಾಠದ ಕ್ರಮದಲ್ಲಿ. ಇದ್ದ ಕಲ್ಲಿನಲ್ಲೇ ಆದಷ್ಟು ಉದ್ದದ ಒಡ್ಡು ಕಟ್ಟುವ ಎಂಜಿನಿಯರ್ ಬುದ್ಧಿ ವ್ಯಾಕರಣಕ್ಕೂ ಹಬ್ಬಿತ್ತು. ಡಾರ್ಕಿಂಗ್ ಊರಿನ ತಮ್ಮ ಮನೆಯ ಹಿತ್ತಲನ್ನೂ ಅವರು ಸುಮ್ಮನೆ ಬಿಡಲಿಲ್ಲ. ನೆಲವನ್ನು ಆಳವಾಗಿ ಅಗೆದು ಹದ ಮಾಡಿದರೆ ಇಳುವರಿ ಏರುತ್ತದೆಂದು ಅಲ್ಲಿ ಗೋದಿ ಬಿತ್ತಿ, ತೆನೆ ಎಣಿಸಿ, ಕಂಡವರಿಗೆಲ್ಲ ತೋರಿಸುತ್ತ ಮುಪ್ಪನ್ನು ಕಳೆದರು. 1899ರ ಜುಲೈ 24ರಂದು ತೀರಿಕೊಂಡರು.

ಅವರ ವಾದಗಳು ಅವರಿಗಿಂತ ಹೆಚ್ಚು ದಿನ ಬಾಳಿದವು. ತುಂಗಭದ್ರೆಯ ನೀರನ್ನು ಬಳ್ಳಾರಿ ಕಡೆಗೆ ತಿರುಗಿಸಬೇಕೆಂದು 1860ರಲ್ಲಿ ಅವರು ಎತ್ತಿದ ಮಾತು ಹೊಸಪೇಟೆಯ ಹತ್ತಿರ ಜಲಾಶಯವಾಗಿ ನಿಂತದ್ದು 1953ರಲ್ಲಿ. ನದಿ ಜೋಡಣೆಯ ಚರ್ಚೆ ಎದ್ದಾಗಲೆಲ್ಲ ಅವರ ಹೆಸರು ಬರುತ್ತದೆ. ಗೋದಾವರಿ ಸೀಮೆಯ ಊರೂರಲ್ಲಿ ಕುದುರೆಯೇರಿದ ಅವರ ಪ್ರತಿಮೆಗಳಿವೆ. ಸ್ನಾನದ ಸಂಕಲ್ಪದಲ್ಲಿ ಅವರನ್ನು ನೆನೆಯುತ್ತಿದ್ದ ವೈದಿಕರ ಕಥೆಯನ್ನು ಆ ಕಡೆಯವರು ಹೇಳುತ್ತಾರೆ. ಅವರ ಒಡ್ಡು ಮಾತ್ರ 130 ವರ್ಷ ಸೇವೆ ಸಲ್ಲಿಸಿ 1982ರಲ್ಲಿ ಹೊಸ ಬ್ಯಾರೇಜಿಗೆ ಅಧಿಕಾರ ವಹಿಸಿಕೊಟ್ಟಿತು. ಹೊಸದಕ್ಕೆ ಇಟ್ಟ ಹೆಸರು ಕಾಟನ್ ಬ್ಯಾರೇಜ್. ಒಡ್ಡಿಗೆ ನಿವೃತ್ತಿ ಸಿಕ್ಕಿತು, ಹೆಸರಿಗೆ ಮತ್ತೆ ಡ್ಯೂಟಿ ಬಿತ್ತು.